ಯಾದಿಯಲ್ಲಿ ಬಂದ ಜೇಡ

ನಮ್ಮ ಬೈಲಹೊಂಗಲದಲ್ಲಿ ನನ್ನ ಸೋದರಮಾವನ ಕತ್ತರಿಯಿಂದ ಪಾರಾದ ದೇವರು ಒಬ್ಬನೂ ಇಲ್ಲ! ಹಾಗಂತ ಮಾವ ನಾಸ್ತಿಕನಲ್ಲ. ದಿನಾ ಹಣೆ ತುಂಬ ವಿಭೂತಿ ಬಳಿದುಕೊಂಡೇ ಹೊರಬೀಳುವ ಮನುಷ್ಯ. ಬಜಾರದಲ್ಲಿ ಅವನದೊಂದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇದೆ. ದೇವರ ಪಟ ಚೌಕಟ್ಟಿಗಿಂತ ಒಂದು ಬೆರಳು ಉದ್ದವಾಯಿತೆಂದರೆ ಮಾವ ಚೌಕಟ್ಟು ಬದಲಿಸುವುದಿಲ್ಲ, ದೇವರನ್ನೇ ಸರಿಮಾಡುತ್ತಾನೆ. ಎಷ್ಟೋ ಮನೆಗಳಲ್ಲಿ ಲಕ್ಷ್ಮಿಯ ಕಮಲ ಅರ್ಧ ಉಳಿದಿದೆ, ಗಣಪತಿಯ ಇಲಿ ಪೂರ್ತಿ ಹೋಗಿದೆ. ಒಮ್ಮೆ ಗಿರಾಕಿಯೊಬ್ಬರು ಪಟ ಹಿಡಿದುಕೊಂಡು ಬಂದು, "ಇದರಾಗಿನ ಇಲಿ ಎಲ್ಲಿ ಹೋತ್ರೀ?" ಎಂದು ಕೇಳಿದರು. ಮಾವ ತಲೆ ಎತ್ತದೆ ಹೇಳಿದ: "ಇಲಿ ಏನ್ರೀ? ನಿಮ್ಮ ಮನ್ಯಾಗ ಜ್ವಾಳದ ಚೀಲದ ಹಂತೇಕ ನೋಡ್ರಿ. ಅಲ್ಲೇ ಇರಬೇಕು."

ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ, ಸೊಸಿ ಯಾಕೋ ಸಿಟ್ಟಿಗೆದ್ದಾಳ ಅಂತ ಅವನೇ ಗಾಬರಿಯಾಗುತ್ತಾನೆ.

ಕಟ್ಟು ಹಾಕುವ ಹುಚ್ಚು ಅವನಿಗೆ ಎಷ್ಟಿದೆಯೆಂದರೆ, ಅಂಗಡಿಯ ನಡುಗೋಡೆಯ ಮೇಲೆ ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ಅವನದೇ ಹತ್ತನೇ ಇಯತ್ತೆಯ ಅಂಕಪಟ್ಟಿ ತೂಗುತ್ತದೆ. ಮೂರು ವಿಷಯಗಳಲ್ಲಿ ನಪಾಸು! "ಪಾಸಾಗಿದ್ರ ಎಲ್ಲೋ ಫೈಲ್ ಹೊತ್ತಕೊಂಡು ಅಡ್ಡಾಡತಿದ್ದೆ. ಇದರ ಸಲುವಾಗೇ ಅಂಗಡಿ ಆತು. ಊದಿನಕಡ್ಡಿ ಹಚ್ಚಬ್ಯಾಡೇನು?" ಎಂದು ಕೇಳುತ್ತಾನೆ. ಹಚ್ಚುತ್ತಾನೆ ಕೂಡ.

ಇಂಥ ಮಾವನಿಗೆ ಜಗತ್ತಿನಲ್ಲಿ ಒಂದೇ ಒಂದು ಹೆದರಿಕೆ. ಹಾವಲ್ಲ, ಚೇಳಲ್ಲ, ನನ್ನ ಅವ್ವನೂ ಅಲ್ಲ. ಜೇಡ! ಇದು ಅವನ ಉದ್ಯೋಗದಿಂದ ಬಂದ ರೋಗ. ಇಪ್ಪತ್ತು ವರ್ಷ ಗೋಡೆಯ ಮೇಲೆ ತೂಗಿದ ಫೋಟೋವನ್ನು ಹೊಸ ಗಾಜು ಹಾಕಿಸಲು ತಂದರೆ ಅದರ ಬೆನ್ನಿಗೆ ಜೇಡ ಇರದೆ ಮತ್ತೇನಿರುತ್ತದೆ? ಒಮ್ಮೆ ಯಾರದೋ ಮುತ್ತಜ್ಜನ ಫೋಟೋದ ಹಿಂದಿನಿಂದ ಒಂದು ಜೇಡ ಹೊರಟು ಮಾವನ ತೋಳಿನ ಗುಂಟ ಹತ್ತಿತು. ಮುತ್ತಜ್ಜ ಕೆಳಗೆ ಬಿದ್ದ, ಮಾವ ಟೇಬಲ್ಲಿನ ಮೇಲೆ ಹತ್ತಿದ. ಅಂದಿನಿಂದ ಹಳೆಯ ಫೋಟೋ ತಂದವರು ಅದನ್ನು ರಸ್ತೆಯಲ್ಲೇ ಮೂರು ಸಲ ಝಾಡಿಸಿ ಒಳಗೆ ಬರಬೇಕೆಂಬ ಕಾನೂನು ಜಾರಿಯಲ್ಲಿದೆ.

ಅತ್ತೆ ತೀರಿಕೊಂಡು ಏಳು ವರ್ಷವಾಯಿತು. ಮನೆಯಲ್ಲಿ ಮಾವ ಮತ್ತು ಮಗ, ಇಬ್ಬರೇ ಇದ್ದರು. ಸೋದರಮಾವನ ಮಗನೆಂದರೆ ರೂಢಿಯ ಪ್ರಕಾರ ನನಗೇ ಗಂಟು ಬೀಳಬೇಕಾದವನು. ಹನ್ನೆರಡು ವರ್ಷ ಮೊದಲೇ ಹುಟ್ಟಿ ನಾನು ಅವನನ್ನು ಉಳಿಸಿದ್ದೇನೆ. ಅವನಿಗೆ ನವಿಲುತೀರ್ಥದ ಅಣೆಕಟ್ಟಿನ ಕಚೇರಿಯಲ್ಲಿ ಕೆಲಸ. ಕಾಲುವೆಗೆ ನೀರು ಬಿಟ್ಟಾರು, ಇವನು ಬಾಯಿಂದ ಮಾತು ಬಿಡುವುದಿಲ್ಲ. ಅಂಥವನಿಗೆ ಹೋದ ವರ್ಷ ರಾಮದುರ್ಗದಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಸವದತ್ತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಎಲ್ಲರಿಗೂ ಒಪ್ಪಿಗೆಯಾಗಿ ನಾವು ಯಾದಿ ಮಾಡಲು ಹೋದೆವು.

ನಮ್ಮ ಕಡೆಯ ಮದುವೆಯಲ್ಲಿ ಯಾದಿ ಅಂದರೆ ಸಣ್ಣ ಮಾತಲ್ಲ. ಯಾರು ಏನು ತರಬೇಕು, ಯಾರು ಏನು ಮಾಡಬೇಕು, ಊಟಕ್ಕೆ ಯಾವ ಸಿಹಿ ಎಂಬುದನ್ನೆಲ್ಲ ಹಿರಿಯರ ಎದುರು ಒಂದು ಹಾಳೆಯ ಮೇಲೆ ಬರೆಯುತ್ತಾರೆ. ಹಾಳೆಯ ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ ಎರಡೂ ಕಡೆಯವರು ಸಹಿ ಮಾಡಿದ ಮೇಲೆ ಅದರಲ್ಲಿ ಒಂದಕ್ಷರ ಕೂಡಿಸುವಂತಿಲ್ಲ, ಒಂದಕ್ಷರ ಹೊಡೆದುಹಾಕುವಂತಿಲ್ಲ.

ಮಾವ ಎದೆ ಉಬ್ಬಿಸಿ ಹೇಳಿದ: "ಹುಡುಗಿ ಕಡಿಂದ ಏನೂ ಬರೀಬ್ಯಾಡ್ರಿ. ಬಾಂಡೆ ಸಾಮಾನ ಬ್ಯಾಡ, ಏನೂ ಬ್ಯಾಡ. ಹುಡುಗಿ ಬಂದ್ರ ಸಾಕು."

ಬರೆಯಲು ಕುಳಿತಿದ್ದ ಅವರ ಕಡೆಯ ಹಿರಿಯಜ್ಜ ಸಂತೋಷದಿಂದ ಪೆನ್ನು ಮುಚ್ಚಬೇಕು, ಅಷ್ಟರಲ್ಲಿ ಒಳಗಿನಿಂದ ಹುಡುಗಿಯೇ ಬಂದಳು.

"ಒಂದು ಬರೀಬೇಕ್ರಿ ಅಜ್ಜಾರ. ನಾ ಸಾಕಿದ್ದೊಂದು ಪ್ರಾಣಿ ಐತ್ರಿ. ನಾ ಹೋದಲ್ಲಿ ಅದೂ ಬರತೈತಿ."

ಮಾವ ಗಹಗಹಿಸಿ ನಕ್ಕ. "ಬರಲಿ ಬಿಡವಾ! ಬೆಕ್ಕ ಆಗಲಿ, ನಾಯಿ ಆಗಲಿ, ಆಕಳ ಆಗಲಿ. ನಮ್ಮ ಹಿತ್ತಲ ದೊಡ್ಡದೈತಿ. ಬರೀರಿ ಅಜ್ಜಾರ."

ಅಜ್ಜ ದುಂಡಗೆ ಬರೆದರು: 'ಸಾಕಿದ ಪ್ರಾಣಿ – ಒಂದು.' ಅರಿಷಿಣ ಬಿತ್ತು, ಕುಂಕುಮ ಬಿತ್ತು, ಮಾವನ ಸಹಿಯೂ ಬಿತ್ತು. ಆಮೇಲೆ ಅಜ್ಜ ಸುಮ್ಮನೆ ಕುತೂಹಲಕ್ಕೆ, "ಯಾವ ಪ್ರಾಣಿ ತಂಗಿ?" ಎಂದು ಕೇಳಿದರು.

"ಜೇಡರಿ."

ಮಾವ ಚಹದ ಬಸಿ ಬದಿಗಿಟ್ಟು ಎರಡೂ ಕಾಲು ಮೇಲೆ ಎಳೆದುಕೊಂಡ. ಬೀಗರು ನೆಲ ನೋಡಿದರು. ಹುಡುಗಿ ಮಾತ್ರ ನೆಟ್ಟಗೆ ನಿಂತಿದ್ದಳು.

"ಮೊದಲ ಹೇಳತೇನಿ ಅಂದ್ರ ಅಪ್ಪಾರು ಬ್ಯಾಡ ಅಂದಿದ್ರು. ಇದರ ಸಲುವಾಗಿ ಎರಡು ಸಂಬಂಧ ತಪ್ಪ್ಯಾವ್ರಿ. ನೀವೂ ಬ್ಯಾಡ ಅಂದ್ರ ನನಗೇನ ಬ್ಯಾಸರಿಲ್ಲ. ಆದ್ರ ಎಂಟು ವರ್ಷ ಜ್ವಾಕಿ ಮಾಡೇನಿ. ಅದನ್ನ ಬಿಟ್ಟು ಬರೂದಿಲ್ಲ."

"ಎಷ್ಟು... ಎಷ್ಟು ದೊಡ್ಡದೈತವಾ?" ಮಾವನ ದನಿ ಎಲ್ಲೋ ಬಾವಿಯೊಳಗಿನಿಂದ ಬಂತು.

ಹುಡುಗಿ ಅಂಗೈ ಅಗಲಿಸಿ ತೋರಿಸಿದಳು. ಓದುವಾಗ ಗೆಳತಿಯೊಬ್ಬಳು ಕೊಟ್ಟ ಉಗುರಿನಷ್ಟು ಮರಿಯಂತೆ. ದೂರದ ದಕ್ಷಿಣ ಅಮೆರಿಕದ ಜಾತಿ, ಮೈತುಂಬ ಕೂದಲು, ಟರಾಂಟುಲಾ ಅಂತ ಹೆಸರು. ಹೆಣ್ಣು. ಇನ್ನೂ ಹತ್ತಿಪ್ಪತ್ತು ವರ್ಷ ಬದುಕಬಹುದಂತೆ! ನಾನು ಮದುಮಗನ ಕಡೆ ತಿರುಗಿ, "ನಿನಗ ಗೊತ್ತಿತ್ತೇನೋ?" ಎಂದೆ. "ಗೊತ್ತಿತ್ತು" ಎಂದ. "ಮತ್ತ ಹೇಳಲಿಲ್ಲ?" "ಯಾರೂ ಕೇಳಲಿಲ್ಲ."

ಮಾವ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದೆ. ಬೀಗರ ಅಂಗಳದ ಬೇವಿನ ಗಿಡವನ್ನು ಸುತ್ತುತ್ತಿದ್ದ. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಈ ಸಂಬಂಧವೂ ಹೋಯಿತು ಅಂದುಕೊಂಡು ಹುಡುಗಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹತ್ತು ನಿಮಿಷದ ನಂತರ ಮಾವ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದ:

"ಬರದದ್ದು ಬರದಾತು. ಅದಕ್ಕ ಮನಿ ನಾ ಕಟ್ಟತೇನಿ."

ಊರಿಗೆ ಮರಳುವ ದಾರಿಯುದ್ದಕ್ಕೂ ನನ್ನ ಅವ್ವ, ಅಂದರೆ ಮಾವನ ಅಕ್ಕ, ಅವನ ಮೇಲೆ ಕಲ್ಲುಮಳೆ ಸುರಿಸಿದಳು. "ಜೇಡದ ನೂಲ ಕಂಡ್ರ ಹೊಸಲ ದಾಟವಲ್ಲಿ, ನೀ ಜೇಡ ಸಾಕಾಂವಾ? ಊರ ಮಂದಿ ಏನಂದಾರೋ?" ಮಾವ ಕಿಟಕಿಯಾಚೆ ಗೋವಿನಜೋಳದ ಹೊಲಗಳನ್ನು ನೋಡುತ್ತ ಒಂದೇ ಮಾತು ಅಂದ: "ಯಾದಿಯೊಳಗ ಐತಿ ಅಕ್ಕಾ." ಮುಂದಿನ ಮೂರು ತಿಂಗಳು ಅವನು ಎಲ್ಲ ಪ್ರಶ್ನೆಗೂ ಕೊಟ್ಟ ಉತ್ತರ ಇದೊಂದೇ.

ಮಾವ ಮೊದಲು ಮಾಡಿದ ಕೆಲಸವೇನು ಗೊತ್ತೇ? ಅಭ್ಯಾಸ! ಆ ಜಾತಿಯ ಜೇಡದ್ದೊಂದು ಬಣ್ಣದ ಚಿತ್ರವನ್ನು ಅಂಗೈಯಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ತನ್ನ ಪದ್ಧತಿಯಂತೆ ಅದಕ್ಕೊಂದು ಕಟ್ಟು ಹಾಕಿ, ಬಚ್ಚಲುಮನೆಯಲ್ಲಿ ತೂಗುಹಾಕಿದ. ದಿನಾ ನೋಡಿ ನೋಡಿ ಹೆದರಿಕೆ ಹೋಗಲಿ ಎಂದು. ಮೊದಲ ದಿನ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟು ಸ್ನಾನ ಮಾಡಿದ. ಎರಡನೆಯ ದಿನ ಅದರ ಮೇಲೆ ಟವೆಲ್ ಹಾಕಿದ. ನಾಲ್ಕನೆಯ ದಿನ ಕಣ್ಣಿಗೆ ಸಾಬೂನು ಹೋಗಿದೆ ಅಂತ ನೆಪ ಮಾಡಿ ಕಣ್ಣು ಮುಚ್ಚಿಕೊಂಡೇ ಮುಗಿಸಿದ. ಎಂಟನೆಯ ದಿನ ನಾನು ಹೋದಾಗ ಬಚ್ಚಲಿನಿಂದ ಮಾತು ಕೇಳುತ್ತಿತ್ತು: "ನೋಡವಾ, ನೀ ನನ್ನ ತಂಟೆಕ್ಕ ಬರಬ್ಯಾಡ, ನಾ ನಿನ್ನ ತಂಟೆಕ್ಕ ಬರೂದಿಲ್ಲ."

ಆಮೇಲೆ ಮನೆ ಕಟ್ಟುವ ಕೆಲಸ. ಗಾಜು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ, ರಜೆಯ ದಿನ ತಾಲೂಕು ಕಚೇರಿಯ ಈ ಗುಮಾಸ್ತೆ, ಅಂದರೆ ನಾನು, ಸಿಕ್ಕಿಬಿದ್ದೆ. ಎರಡು ವಾರ ದುಡಿದು ಮಾವ ಎಬ್ಬಿಸಿದ್ದು ಪೆಟ್ಟಿಗೆಯಲ್ಲ, ಅರಮನೆ! ಮೂರಡಿ ಎತ್ತರ, ಮೇಲೆ ಕಮಾನು, ನಾಲ್ಕೂ ಕಡೆ ಬೆಲ್ಜಿಯಂ ಗಾಜು, ಅಂಚಿಗೆಲ್ಲ ಬಂಗಾರದ ಬಣ್ಣದ ಹೂಬಳ್ಳಿಯ ಪಟ್ಟಿ. ಒಳಗೆ ಎರಡು ಮಾಳಿಗೆ. ನೆಲಕ್ಕೆ ಗೆಳೆಯನ ಹೊಲದಿಂದ ತಂದ ಎರೆಮಣ್ಣು.

ಭಾವೀ ಸೊಸೆ ಒಂದು ಭಾನುವಾರ ಅದನ್ನು ನೋಡಲು ಬಂದಳು. ಮದುವೆಗೆ ಮುಂಚೆ ಹುಡುಗಿ ಗಂಡನನ್ನು ನೋಡಲು ಬಂದರೆ ಏನು ಮಾತಾಡಬೇಕೆಂದು ನಮ್ಮ ಊರಿಗೆ ಚೆನ್ನಾಗಿ ಗೊತ್ತು. ಜೇಡದ ಮನೆ ನೋಡಲು ಬಂದರೆ ಏನು ಮಾತಾಡಬೇಕೆಂದು ಮಾತ್ರ ಪಾಪ, ಯಾರಿಗೂ ಹೊಳೆಯಲಿಲ್ಲ.

ಅವಳು ಅರಮನೆಯನ್ನು ಮೂರು ಸುತ್ತು ನೋಡಿದಳು. ನಗು ಬಂದರೂ ನುಂಗಿಕೊಂಡಳು. "ಭಾಳ ಚಂದ ಆಗೇತ್ರಿ ಮಾವಾರ. ಆದ್ರ ಇದು ನೆಲದಾಗ ಇರೂ ಜಾತಿರಿ. ಒಂದಡಿ ಮ್ಯಾಲಿಂದ ಬಿದ್ರೂ ಹೊಟ್ಟಿ ಒಡದು ಸತ್ತಹೋಗತೈತಿ. ಎತ್ತರ ಬ್ಯಾಡ, ಅಗಲ ಬೇಕು."

ಮಾವ ಎರಡು ಮಾಳಿಗೆಗಳನ್ನು ನೋಡಿದ. "ಮತ್ತ?"

"ಎರಿ ಮಣ್ಣ ಒಣಗಿ ಬಿರೀತೈತ್ರಿ. ತೆಂಗಿನ ನಾರಿನ ಪುಡಿ ಹಾಕೂಣು. ಅಡಗಿ ಕೂಡಾಕ ಒಡದ ಗಡಗಿ ಅರ್ಧ ಸಾಕು. ನೀರಿಗೆ ಸಣ್ಣ ಬಸಿ."

"ಮತ್ತ?"

"ಮತ್ತ... ಗಾಳಿ ಎಲ್ಲಿಂದ ಬರತೈತ್ರಿ?"

ಇಲ್ಲಿ ಮಾವನಿಗೆ ನಿಜವಾಗಿ ನೋವಾಯಿತು. ಯಾಕೆಂದರೆ ಅವನ ಕೈಗುಣದ ಹೆಸರೇ ಅದು. ಅವನು ಕಟ್ಟು ಹಾಕಿ ಹಿಂಬದಿಗೆ ಕಾಗದದ ಪಟ್ಟಿ ಅಂಟಿಸಿದರೆ ಇರುವೆ ಹೋಗುವುದಿಲ್ಲ, ಧೂಳು ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ. ಈ ಅರಮನೆಯ ಸಂದುಗೊಂದುಗಳನ್ನೂ ಅಷ್ಟೇ ಶ್ರದ್ಧೆಯಿಂದ ಮುಚ್ಚಿದ್ದ.

"ಅದು ಉಸರಾಡಬೇಕಲ್ರಿ ಮಾವಾರ," ಎಂದಳು ಹುಡುಗಿ ಮೆಲ್ಲಗೆ.

ಮಾವ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ತಪ್ಪ ತಿಳೀಬ್ಯಾಡ ತಂಗಿ. ನಲವತ್ತು ವರ್ಷ ಆತು, ನಾ ಕಟ್ಟು ಹಾಕಿದವರು ಯಾರೂ ಉಸರಾಡಿಲ್ಲ!"

ಆ ಹುಡುಗಿ ನುಂಗಿಕೊಂಡಿದ್ದ ನಗುವೆಲ್ಲ ಒಮ್ಮೆಲೇ ಹೊರಬಂತು. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ನೋಡಿ ಮಾವನೂ ನಕ್ಕ, ನಾನೂ ನಕ್ಕೆ. ಎದುರಿನ ಚಹದಂಗಡಿಯವನು ವಿಷಯ ಗೊತ್ತಿಲ್ಲದೆಯೇ ನಕ್ಕ. ಆಮೇಲೆ ಮಾವ ಅರಮನೆ ಬಿಚ್ಚಿ ಮುಕ್ಕಾಲು ಅಡಿ ಎತ್ತರಕ್ಕೆ ಇಳಿಸಿ, ಅಡ್ಡಕ್ಕೆ ಅಗಲಿಸಿದ. ಕೆಳಗಿನ ತೇಗದ ಪಟ್ಟಿಗೆ ಸಣ್ಣ ಗಿರಮಿಟ್ಟು ಹಿಡಿದು ನಲವತ್ತೆಂಟು ತೂತು ಕೊರೆದ. ಪ್ರತಿ ತೂತನ್ನೂ ಕಣ್ಣಿಗೆ ಹಚ್ಚಿ ನೋಡಿ, ಬಾಯಿಂದ ಊದಿ, ಆಚೆ ಕಡೆ ನಾನು ಹಿಡಿದಿದ್ದ ಕಾಗದ ಅಲುಗಿದರೆ ಮಾತ್ರ ಮುಂದಿನ ತೂತು. ಹೂಬಳ್ಳಿಯ ಬಂಗಾರದ ಪಟ್ಟಿಯನ್ನು ಮಾತ್ರ ಬಿಡಲಿಲ್ಲ. "ಹೆಣ್ಣಮಗಳು ಇರೂ ಮನಿ, ಒಂದೀಟು ಚಂದ ಬ್ಯಾಡೇನು?"

ಈ ಪಟ್ಟಿಯೇ ಆಪತ್ತಿಗೆ ಕಾರಣವಾಯಿತು. ಅಂಟಿನ ವಾಸನೆ ಹೋಗಲೆಂದು ಪೆಟ್ಟಿಗೆಯನ್ನು ಅಂಗಡಿಯ ಮುಂದೆ ಗಾಳಿಗೆ ಇಟ್ಟಿದ್ದೆವು. ಎಡಕ್ಕೆ ಬಸವಣ್ಣ, ಬಲಕ್ಕೆ ಲಕ್ಷ್ಮಿ, ನಡುವೆ ಬಂಗಾರದ ಅಂಚಿನ ಗಾಜಿನ ಪೆಟ್ಟಿಗೆ. ಹೋಗಿ ಬರುವವರು ಚಪ್ಪಲಿ ಬಿಟ್ಟು ಕೈ ಮುಗಿಯತೊಡಗಿದರು. ಸಂತೆಗೆ ಬಂದಿದ್ದ ಅಜ್ಜಿಯೊಬ್ಬಳು ಬಗ್ಗಿ ಬಗ್ಗಿ ನೋಡಿ ಕೇಳಿದಳು:

"ಒಳಗ ಯಾವ ದೇವರಪಾ?"

"ಇನ್ನೂ ಬಂದಿಲ್ಲವಾ. ಮದುವಿ ದಿನ ಬರತಾಳ."

"ದೇವೀನ?"

"ಹೆಣ್ಣು, ಅಷ್ಟ ಗೊತ್ತು."

"ಎಷ್ಟು ಕೈಯಪಾ?"

ಮಾವ ಸುಳ್ಳು ಹೇಳುವ ಮನುಷ್ಯನಲ್ಲ. "ಕೈ ಅನ್ನು, ಕಾಲ ಅನ್ನು. ಎಂಟು ಅದಾವು."

ಅಜ್ಜಿ ಎಂಟು ಕೈಯ ತಾಯಿಗೆ ಅಲ್ಲಿಯೇ ಸಾಷ್ಟಾಂಗ ಹಾಕಿ, ಒಂದು ಕಾಯಿ, ಎರಡು ಬಾಳೆಹಣ್ಣು ಇಟ್ಟು ಹೋದಳು. ಬಾಳೆಹಣ್ಣು ನಾನೇ ತಿಂದೆ. ತಾಯಿ ಬರಲು ಇನ್ನೂ ಮೂರು ವಾರವಿತ್ತಲ್ಲ!

ಮದುವೆ ರಾಮದುರ್ಗದಲ್ಲಿ ಚೆನ್ನಾಗಿಯೇ ಆಯಿತು. ತಿರುಗಿ ಹೊರಡುವಾಗ ಪ್ರಶ್ನೆ ಬಂತು. ಸಣ್ಣ ಡಬ್ಬಿಯಲ್ಲಿರುವ ಜೇಡವನ್ನು ಯಾರು ಹಿಡಿದುಕೊಳ್ಳಬೇಕು? ಮದುಮಗಳ ಕೈಯಲ್ಲಿ ಕಾಯಿ, ಉಡಿಯಲ್ಲಿ ಅಕ್ಕಿ. ಮದುಮಗನ ಮೈಮೇಲೆ ಹಾರ, ಬಾಸಿಂಗ. ನನ್ನ ಅವ್ವ ಆಗಲೇ ಇನ್ನೊಂದು ಗಾಡಿ ಹತ್ತಿಯಾಗಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮಾವ ಮುಂದೆ ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ! ಹೆಗಲ ಮೇಲಿನ ವಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಶಿವಶಿವಾ ಎನ್ನುತ್ತ ಕುಳಿತ. ಯರಗಟ್ಟಿ ದಾಟುವವರೆಗೆ ಅವನ ಹಣೆಯ ಬೆವರು ನಿಲ್ಲಲಿಲ್ಲ. ಆದರೆ ರಸ್ತೆಯಲ್ಲಿ ಒಂದೊಂದು ಉಬ್ಬು ಬಂದಾಗಲೂ ಕಣ್ಣು ಮುಚ್ಚಿಕೊಂಡೇ ಕೂಗುತ್ತಿದ್ದ: "ಹಗೂರಕ ಹೊಡೀಪಾ! ಪೆಟ್ಟ ತಾಕೀತು! ಹೊಟ್ಟಿ ಸೂಕ್ಷ್ಮ ಐತಿ ಅದರದು!"

ಮನೆ ತುಂಬಿಸಿಕೊಳ್ಳುವಾಗ ಬಾಗಿಲಲ್ಲಿ ಆರತಿ ಹಿಡಿದವಳು ನನ್ನ ಅವ್ವ. ಮದುಮಕ್ಕಳಿಗೆ ಆರತಿ ಎತ್ತಿ ಮುಗಿಸಿದಳು. ಮಾವ ಡಬ್ಬಿ ಹಿಡಿದು ನಿಂತೇ ಇದ್ದ.

"ಅದಕ್ಕೂ ಎತ್ತಲೇನೋ?" ಅವ್ವನಿಗೆ ಸಿಟ್ಟು.

"ಯಾದಿಯೊಳಗ ಐತಿ ಅಕ್ಕಾ."

ಅವ್ವ ಎರಡು ಹೆಜ್ಜೆ ಹಿಂದೆ ಸರಿದು, ಕೈ ಉದ್ದ ಚಾಚಿ, ಮುಖ ಅತ್ತ ತಿರುಗಿಸಿ ಆರತಿ ಎತ್ತಿದಳು. ಸೊಸೆ ಡಬ್ಬಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ತೆಗೆದಳು. ಕಂದು ಗುಲಾಬಿ ಬಣ್ಣದ, ಮೈತುಂಬ ನವಿರಾದ ಕೂದಲಿದ್ದ ಆ ಜೀವ ಒಂದು ಕಾಲು ಹೊರಗಿಟ್ಟು ನೆಲ ಮುಟ್ಟಿ ನೋಡಿತು. ಇನ್ನೊಂದು ಕಾಲು ಇಟ್ಟಿತು. ಆಮೇಲೆ ಸಾವಕಾಶ ನಡೆದು ಒಡೆದ ಗಡಿಗೆಯ ಕೆಳಗೆ ಹೋಗಿ ಕುಳಿತಿತು. ಮಾವ ಬಾಗಿಲ ಹೊರಗೆ ನಿಂತು, "ಹೋದ್ಲೇನವಾ ಒಳಗ?" ಎಂದು ಕೇಳುತ್ತಿದ್ದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸ ಮನೆಗೆ ಬಂದ ಜೇಡ ಊಟ ಬಿಟ್ಟಿತು!

ಸೊಸೆ ತನ್ನೊಂದಿಗೆ ಒಂದು ಡಬ್ಬಿ ತುಂಬ ಮಿಡತೆಯಂಥ ಚಿಮ್ಮುವ ಹುಳಗಳನ್ನೂ ತಂದಿದ್ದಳು. ವಾರಕ್ಕೊಂದು ಸಾಕು ಅದಕ್ಕೆ. ಮೊದಲ ವಾರ ಬಿಟ್ಟದ್ದನ್ನು ತಿನ್ನಲಿಲ್ಲ. ಎರಡನೆಯ ವಾರವೂ ಇಲ್ಲ. ಮಾವ ಅಂಗಡಿಯಿಂದ ದಿನಕ್ಕೆ ನಾಲ್ಕು ಸಲ ಮನೆಗೆ ಓಡಿಬರತೊಡಗಿದ. ದೂರದಿಂದಲೇ ಬಗ್ಗಿ ನೋಡಿ, "ಉಂಡ್ಲೇನು?" "ಇಲ್ರಿ ಮಾವಾರ." ಮತ್ತೆ ಓಟ. ಪೆಟ್ಟಿಗೆಯನ್ನು ಪೂರ್ವದ ಗೋಡೆಗೆ ಸರಿಸಿ ನೋಡಿದ. ಪಕ್ಕದ ಮನೆಯವರಿಗೆ ಮಿಕ್ಸರ್ ಹಚ್ಚಬೇಡಿರೆಂದು ಹೇಳಿಬಂದ. ಒಂದು ಮುಂಜಾನೆಯಂತೂ, ಕೋಳಿತತ್ತಿ ಎಂಬ ಶಬ್ದ ಕೇಳಿದರೂ ಬಾಯಿ ತೊಳೆದುಕೊಳ್ಳುವ ಈ ಮನುಷ್ಯ, ನೇಸರಗಿ ರಸ್ತೆಯ ಹೊಲಕ್ಕೆ ಹೋಗಿ ಒಂದು ಡಬ್ಬಿ ತುಂಬ ಮಿಡತೆ ಹಿಡಿದು ತಂದ! ಒಂದೊಂದನ್ನು ಹಿಡಿಯುವಾಗಲೂ "ತಪ್ಪಾತಪಾ" ಎಂದು ಕೆನ್ನೆ ಬಡಿದುಕೊಂಡನಂತೆ. ಎಡಗೆನ್ನೆ ಕೆಂಪಗಾಗಿತ್ತು.

"ಹೊಲದ ಹುಳ ಬ್ಯಾಡ್ರಿ ಮಾವಾರ. ಔಷಧ ಹೊಡದಿರತಾರ, ಸತ್ತಹೋದೀತು," ಎಂದಳು ಸೊಸೆ. ಗಾಬರಿಯಲ್ಲಿ ಡಬ್ಬಿಯ ಮುಚ್ಚಳ ಕಳಚಿತು. ಮುಂದೆ ಎರಡು ದಿನ ನಮ್ಮ ಮಾವನ ಮನೆಯ ಸಾರಿನ ಪಾತ್ರೆಯಿಂದ ದೇವರ ಜಗುಲಿಯವರೆಗೆ ಎಲ್ಲೆಲ್ಲೂ ಮಿಡತೆ ಹಾರಾಡಿದವು. ಮದುಮಗ ಮಾತ್ರ ತನ್ನ ತಾಟಿನಿಂದ ಒಂದನ್ನು ಎತ್ತಿ ಕಿಟಕಿಯಾಚೆ ಬಿಟ್ಟು ಊಟ ಮುಂದುವರಿಸಿದ.

ಮೂರನೆಯ ವಾರವೂ ಹೋಯಿತು. ಆ ಭಾನುವಾರ ನಾನು ಹೋದಾಗ ಮಾವ ಪೆಟ್ಟಿಗೆಯ ಮುಂದೆಯೇ ಚಾಪೆ ಹಾಸಿಕೊಂಡು ಕುಳಿತಿದ್ದ. ಗಾಜಿಗೂ ಅವನ ಮೂಗಿಗೂ ಒಂದು ಗೇಣು ಅಂತರ. ಜೇಡ ಗಡಿಗೆಯ ಬಾಯಲ್ಲಿ ಅಲುಗದೆ ಕುಳಿತಿತ್ತು. ಇಷ್ಟು ಹತ್ತಿರ ಕುಳಿತದ್ದನ್ನು ನೋಡಿ ನಾನು ಚೇಷ್ಟೆ ಮಾಡಬೇಕೆಂದೆ. ಆದರೆ ಮಾವನ ಮುಖ ಚೇಷ್ಟೆ ಮಾಡುವ ಹಾಗಿರಲಿಲ್ಲ.

"ಹೊಸ ಮನಿಗೆ ಬಂದಾಕಿ ಉಣ್ಣವಲ್ಲಳು ಅಂದ್ರ ನಾವ ಏನೋ ತಪ್ಪ ಮಾಡೇವಿ," ಎಂದ.

"ಮಾಮಾ, ಅದು ಹುಳ."

"ನಿಮ್ಮ ಅತ್ತೀನೂ ಹಿಂಗ ಮಾಡಿದ್ಲು."

ನಾನು ಅಲ್ಲೇ ನೆಲಕ್ಕೆ ಕುಳಿತೆ. ಅತ್ತೆ ಹೋದ ಮೇಲೆ ಮಾವ ಅವಳ ಮಾತು ತೆಗೆದದ್ದನ್ನು ನಾನು ಕೇಳಿರಲೇ ಇಲ್ಲ.

"ಆಕಿ ತೌರಿಂದ ಬರೂ ಮುಂದ ಒಂದು ಇಣಚಿ ತಂದಿದ್ಲು, ಬೆನ್ನ ಮ್ಯಾಲ ಮೂರು ಗೆರಿ ಇರತಾವಲ್ಲ, ಆ ಅಳಿಲು. ಗಿಡದಾಗಿಂದ ಬಿದ್ದ ಮರಿ. ಹಾಲಿನ್ಯಾಗ ಹತ್ತಿ ಅದ್ದಿ ಕುಡಿಸಿ ಬೆಳಿಸಿದ್ದು. ಸೆರಗಿನ್ಯಾಗ ಮುಚಗೊಂಡ ಬಂದಿದ್ಲು. ನಮ್ಮಪ್ಪ ಬಾಗಲದಾಗ ನಿಲ್ಲಿಸಿದಾ. 'ಸಂಸಾರ ಮಾಡಾಕ ಬಂದಿಯೋ, ಇಣಚಿ ಆಡಸಾಕ ಬಂದಿಯೋ' ಅಂದಾ. ಆಕಿ ಅಣ್ಣನ ಕೈಯಾಗ ಕೊಟ್ಟು ತಿರಗಿ ಕಳಿಸಿದಾ. ನಾ ಬಾಜೂಕ ನಿಂತಿದ್ದೆ. ಬಾಯಿ ತೆಗೀಲಿಲ್ಲ."

ಮಾವ ಗಾಜಿನ ಮೇಲಿನ ಇಲ್ಲದ ಧೂಳನ್ನು ಬೆರಳಿನಿಂದ ಒರೆಸಿದ.

"ಎಂಟು ದಿನ ಆಕಿ ನೆಟ್ಟಗ ಉಣಲಿಲ್ಲ. ಹೊಸಾಕಿ, ನಾಚತಾಳ ಅಂದ್ರು ಎಲ್ಲಾರೂ. ನಾನೂ ಹಂಗ ತಿಳಕೊಂಡೆ. ಆಮ್ಯಾಲ ಉಂಡ್ಲು. ಒಂದಿನಾನೂ ಆ ಮಾತ ಎತ್ತಲಿಲ್ಲ. ಆದ್ರ ದಿನಾ ಮುಂಜಾನೆ ಹಿತ್ತಲ ಗ್ವಾಡಿ ಮ್ಯಾಲ ಶೇಂಗಾ ಇಡತಿದ್ಲು. ಗಿಡದಾಗಿನ ಇಣಚಿ ಬಂದು ತಿಂದು ಹೋಗತಿದ್ವು. ಶೇಂಗಾ ಯಾಕ ಹಾಳ ಮಾಡ್ತಿ ಅಂತ ಬೈತಿದ್ದೆ. ಮೂವತ್ತು ವರ್ಷ ಬೈದೆ. ಯಾಕ ಇಡತಿ ಅಂತ ಒಮ್ಮೆನೂ ಕೇಳಲಿಲ್ಲ. ರಾಮದುರ್ಗದಾಗ ಈ ಹುಡುಗಿ 'ಅದನ್ನ ಬಿಟ್ಟು ಬರೂದಿಲ್ಲ' ಅಂದ್ಲಲ್ಲ, ಅವಾಗ ತಿಳೀತು ನನಗ. ಆಕಿ ಹೋಗಿ ಆರು ವರ್ಷ ಆದಮ್ಯಾಲ."

ನನ್ನ ಕಣ್ಣು ಮಂಜಾದವು. ಬೇವಿನ ಗಿಡವನ್ನು ಹತ್ತು ನಿಮಿಷ ಸುತ್ತಿದವನು ಜೇಡಕ್ಕೆ ಹೆದರಿ ಸುತ್ತುತ್ತಿದ್ದಾನೆಂದು ತಿಳಿದು ನಾವೆಲ್ಲ ಒಳಗೊಳಗೇ ನಕ್ಕಿದ್ದೆವು. ಕಣ್ಣೊರೆಸಿಕೊಂಡು ತಿರುಗಿದರೆ, ಬಾಗಿಲಲ್ಲಿ ಚಹದ ತಾಟು ಹಿಡಿದು ಸೊಸೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಚಹ ಕೆನೆಗಟ್ಟಿತ್ತು.

ಅವಳು ತಾಟು ಕೆಳಗಿಟ್ಟು ಮಾವನ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಳು.

"ಮಾವಾರ, ಇದು ಹೊಟ್ಟಿ ತುಂಬಿದ್ರ ತಿಂಗಳಗಟ್ಲೆ ಉಣ್ಣೂದಿಲ್ರಿ. ಇದರ ಜಾತೀನ ಹಂಗ. ಅದಕ್ಕೇನೂ ಆಗಿಲ್ಲ." ಆಮೇಲೆ ದನಿ ತಗ್ಗಿಸಿ ಅಂದಳು, "ನಾ ಉಣ್ಣಾಕತ್ತೇನಲ್ರಿ. ನಾ ಬಂದಾಗಿಂದ ಎಲ್ಲಾ ಜಂಪರ್ ಬಿಗಿ ಆಗ್ಯಾವು, ನೀವ ನೋಡಿಲ್ಲೇನು?"

ಮಾವನಿಗೆ ಅಳು, ನಗು ಕೂಡಿಯೇ ಬಂದವು. ಎರಡನ್ನೂ ವಲ್ಲಿಯಿಂದ ಒರೆಸಿಕೊಂಡ.

ಅದಾಗಿ ಐದನೆಯ ದಿನಕ್ಕೆ ಜೇಡ ಉಂಡಿತು. ಮಾವ ಅಂಗಡಿಗೆ ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಪೇಡೆ ಹಂಚಿದ. ಮದುವೆಯಾಗಿ ತಿಂಗಳಾಗಿಲ್ಲ, ಇಷ್ಟು ಲಗೂನ ಏನು ಸುದ್ದಿ ಅಂತ ಊರೆಲ್ಲ ತಲೆ ಕೆರೆದುಕೊಂಡಿತು.

ಮರುದಿನ ಮುಂಜಾನೆ ಅವ್ವ ಕೊಟ್ಟ ಹೋಳಿಗೆಯ ಡಬ್ಬಿ ಹಿಡಿದು ನಾನು ಮಾವನ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಸೊಸೆ ಗೋಡೆಯ ಹತ್ತಿರ ನಿಂತಿದ್ದಳು, ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ಮುಷ್ಟಿ ತುಂಬ ಶೇಂಗಾ. ಮಾವ ಹೊಸ್ತಿಲ ಮೇಲೆ ಕುಳಿತಿದ್ದ.

"ಮಾವಾರ, ಅತ್ತ್ಯಾರು ದಿನಾ ಎಷ್ಟು ಇಡತಿದ್ರು?"

ಗಾಜನ್ನು ನೂಲೆಳೆಯಷ್ಟೂ ತಪ್ಪದೆ ಅಳೆಯುವ ನಮ್ಮ ಮಾವ ತುಸು ಹೊತ್ತು ತನ್ನ ಅಂಗೈ ನೋಡುತ್ತ ಕುಳಿತ.

"ಒಂದು ಹಿಡಿ ಅನ್ನೂದಷ್ಟ ಗೊತ್ತವಾ," ಎಂದ. "ಆಕಿ ಕೈ ಸಣ್ಣದಿತ್ತು."

ಸೊಸೆ ತನ್ನ ಮುಷ್ಟಿ ಬಿಚ್ಚಿ, ನಾಲ್ಕು ಶೇಂಗಾ ತಿರುಗಿ ಡಬ್ಬಿಗೆ ಹಾಕಿ, ಉಳಿದವನ್ನು ಗೋಡೆಯ ಮೇಲೆ ಇಟ್ಟಳು.